ಕರಾಚಿಯ ಮಿಡತೆ ಸಭೆಯೂ ನಮ್ಮ ಚಾಳಿನ ತಾಟೂ

ಬ್ಯಾಲಾರ್ಡ್ ಪಿಯರ್

ಮೊದಲು ಆ ದಿನ ಮುಂಬೈಯ ಹಡಗುಕಟ್ಟೆಯಲ್ಲಿ ಯಾರು ಯಾರಿದ್ದರು ಎಂಬುದನ್ನು ಹೇಳಿಬಿಡುತ್ತೇನೆ. ನನ್ನ ಹೆಂಡತಿ ಸುಶೀಲೆ ಇದ್ದಳು. ಅವಳ ತೋಳು ಹಿಡಿದುಕೊಂಡು, ಹಡಗು ಅಂದರೆ ಇಷ್ಟು ದೊಡ್ಡದಿರುತ್ತದೆಯೇ ಎಂದು ಬಾಯಿ ತೆರೆದು ನಿಂತ ನಮ್ಮ ಅಜ್ಜಿ ಇದ್ದಳು. ನನ್ನ ಸಾಹೇಬರು ಡಾಕ್ಟರ್ ಉಪಾಧ್ಯರು, ಅವರ ಹೆಂಡತಿ ಪದ್ಮಾವತಮ್ಮ ಇದ್ದರು. ಪದ್ಮಾವತಮ್ಮನ ಕೈಯಲ್ಲಿ ಹತ್ತಿಬಟ್ಟೆ ಸುತ್ತಿದ ಒಂದು ಜಾಡಿ ಇತ್ತು. ಆ ಜಾಡಿ ಮುಂದೆ ನಮ್ಮನ್ನು ಪೇಚಿಗೆ ಸಿಕ್ಕಿಸಲಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಉಪಾಧ್ಯರು ಉಡುಪಿಯ ಕಡೆಯವರು. ಮುಂಬೈ ಸರಕಾರದ ಬೆಳೆ ರಕ್ಷಣೆಯ ಆಫೀಸಿನಲ್ಲಿ ಕೀಟಶಾಸ್ತ್ರಜ್ಞರು. ಮನೆ ಅಂಧೇರಿಯಲ್ಲಿ. ನಾನು ಅವರ ಸ್ಟೆನೋ. ಹುಟ್ಟಿದ್ದು ಬೆಳೆದದ್ದು ಸಾಂತಾಕ್ರೂಜಿನ ಚಾಳೆಂಬ ಒಂದೊಂದು ಕೋಣೆಯ ಸಂಸಾರಗಳ ವಠಾರದಲ್ಲಾದರೂ ಧಾರವಾಡದ ಅಜ್ಜಿಯ ಬಾಯಿಂದ ಕನ್ನಡ ಕಲಿತವನು. ಇರಾನಿನಿಂದ ನಮ್ಮವರೆಗಿನ ದೇಶಗಳು ಸೇರಿ ಮಿಡತೆಯ ಕಾಟಕ್ಕೆಂದೇ ಒಂದು ಸಮಿತಿ ಮಾಡಿಕೊಂಡಿದ್ದವು. ಪಾಳಿಯ ಪ್ರಕಾರ ಒಂದೊಂದು ಸಲ ಒಂದೊಂದು ಊರಿನಲ್ಲಿ ಸಭೆ. ಈ ಸಲ ಕರಾಚಿ, ಹೊರಟವರು ಉಪಾಧ್ಯರು ಮತ್ತು ನಾನು.

"ಕರಾಚಿ ಪರದೇಶ ಯಾವಾಗ ಆತೋ?" ಎಂದು ಅಜ್ಜಿ ಕೇಳಿದಳು. "ನಿಮ್ಮಪ್ಪ ಅಲ್ಲಿಗೆ ವರ್ಗ ಆಗಿ ಹೋದಾಗ ಒಂದು ಟ್ರಂಕು, ಒಂದು ಹಾಸಿಗಿ ಸುರುಳಿ ಕಟ್ಟಿಕೊಟ್ಟಿದ್ದೆ. ಪುಣೆಕ ಹೋದಂಗ ಹೋಗಿದ್ದ."

ಅಜ್ಜಿ ಹೇಳಿದ್ದು ಸುಳ್ಳಲ್ಲ. ಆಗ ಕರಾಚಿಯೂ ಮುಂಬೈ ಇಲಾಖೆಗೇ ಸೇರಿತ್ತು. ಅಪ್ಪನಿಗೆ ಟ್ರಂಕು ಸಾಕಾಗಿತ್ತು, ನನಗೆ ಪಾಸ್‌ಪೋರ್ಟು ಬೇಕಾಯಿತು. ಗಡಿಗಳ ಆಟವೇ ಹಾಗೆ. ಮೊನ್ನೆ ಮೊನ್ನೆ ನಮ್ಮ ಧಾರವಾಡ ಮುಂಬೈ ರಾಜ್ಯದಿಂದ ಮೈಸೂರಿಗೆ ಹೋಯಿತು, ಎಲ್ಲಿಯದೋ ಕಛ್ ಮುಂಬೈಗೆ ಬಂತು. ಕುಳಿತಲ್ಲೇ ಕುಳಿತಿದ್ದರೂ ಮನುಷ್ಯನ ರಾಜ್ಯ ಬದಲಾಗುತ್ತದೆ.

"ಶೆಟ್ಟರು ಕಳಸಾಕ ಬರಲಿಲ್ಲ ನೋಡ್ರಿ," ಎಂದಳು ಸುಶೀಲೆ.

"ಹ್ಯಾಂಗ ಬರ್ತಾನ? ಮುಖ ಎಲ್ಲಿ ಇಟ್ಟಾನ?" ಎಂದಳು ಅಜ್ಜಿ.

ಶೀನಪ್ಪ ಶೆಟ್ಟರು ನಮ್ಮ ಎದುರು ಖೋಲಿಯವರು, ಅವರೂ ಉಡುಪಿಯ ಕಡೆಯವರೇ, ಬಾಂದ್ರಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುವವರು. ದೀಪಾವಳಿಯಿಂದ ಎರಡೂ ಮನೆಗಳಿಗೆ ಮಾತಿರಲಿಲ್ಲ. ಹಾಗಿದ್ದರೂ ಆ ದಿನ ಬೆಳಗಿನ ಜಾವ ನಮ್ಮನ್ನು ಎಬ್ಬಿಸಿದ್ದು ಅವರ ಮನೆಯ ಊಟದ ತಾಟು ಬಡಿದ ಸದ್ದೇ. ಅದನ್ನು ಮುಂದೆ ಹೇಳುತ್ತೇನೆ.

ಹಡಗಿನ ಮೇಲೆ

ಉಪಾಧ್ಯರು ಹಡಗಿನ ಅಡುಗೆಯನ್ನು ನಂಬುವವರಲ್ಲ. ಡೆಕ್ಕಿನ ಮೇಲೆ ಕುಳಿತು ಡಬ್ಬದ ಅವಲಕ್ಕಿಗೆ ಮೊಸರು ಕಲಸಿಕೊಂಡು, ಎಡಗಡೆ ಕಾಠೇವಾಡದ ದಂಡೆ ಸರಿಯುತ್ತದೆಯೋ ಬಲಗಡೆಯೋ ಎಂದು ನನ್ನನ್ನು ಪರೀಕ್ಷೆ ಮಾಡಿದರು. ನಾನು ತಪ್ಪು ಹೇಳಿದೆ. "ನೀನು ಲೋಕಲ್ ಗಾಡಿಗೇ ಸೈ ಮಾರಾಯ," ಎಂದರು.

ಆಮೇಲೆ ಅವಲಕ್ಕಿಯ ಡಬ್ಬ ಮುಚ್ಚಿ ಬದಿಗಿಟ್ಟರು. ಉಪಾಧ್ಯರು ಊಟ ಅರ್ಧಕ್ಕೆ ಬಿಟ್ಟರೆ ಕಛ್ ನೆನಪಾಗಿದೆ ಎಂದೇ ಲೆಕ್ಕ.

ಹಿಂದಿನ ವರ್ಷ ಕಛ್‌ಗೆ ತಾಗಿದ ಗಡಿಯ ಆಚೆ ಮರಳುಗಾಡಿನಲ್ಲಿ ಮಿಡತೆ ಕಾಯುವ ಒಂದು ಠಾಣೆಯವನು ಮಿಡತೆಯ ಹಿಂಡು ಏಳುವುದನ್ನು ಕಂಡ. ತನ್ನ ಮೇಲಿನವನಿಗೆ ಹೇಳಿದ. ಅವನು ತನ್ನ ರಾಜಧಾನಿಗೆ, ಆ ರಾಜಧಾನಿ ನಮ್ಮ ರಾಜಧಾನಿಗೆ, ನಮ್ಮದು ಮುಂಬೈಗೆ, ಮುಂಬೈ ಕಛ್‌ನ ಭುಜ್ ಆಫೀಸಿಗೆ. ಮಿಡತೆ ಒಂದೇ ಹಾರು ಹಾರಿ ಬಂತು, ಸುದ್ದಿ ಮೆಟ್ಟಿಲು ಹತ್ತಿ ಮೆಟ್ಟಿಲು ಇಳಿದು ಬಂತು. ಉಪಾಧ್ಯರು ಆಗ ಭುಜ್‌ನಲ್ಲೇ ಇದ್ದರು. ತಂತಿ ಕೈಗೆ ಬಂದ ಕೂಡಲೇ ಜೀಪಿನಲ್ಲಿ ಗಡಿಯ ಹಳ್ಳಿಗೆ ಹೋದರು. ಸಜ್ಜೆಯ ಹೊಲದಲ್ಲಿ ಬರೀ ದಂಟು ನಿಂತಿತ್ತು. ಆ ದಂಟಿನ ನಡುವೆ ಒಬ್ಬ ಮುದುಕಿ ಹಿತ್ತಾಳೆಯ ತಾಟು ಬಡಿಯುತ್ತಲೇ ಇದ್ದಳು.

"ಕೂರುವ ಮೊದಲು ಊರಿಗೆ ಊರೇ ಗದ್ದಲ ಮಾಡಿದರೆ ಹಿಂಡು ಇಳಿಯುವುದಿಲ್ಲ, ಮುಂದೆ ಹೋಗಿ ಬಯಲಿಗೆ ಬೀಳ್ತದೆ. ಅಲ್ಲಿ ನಾವು ಔಷಧ ಹೊಡೀಬಹುದು. ಕೂತ ಮೇಲೆ ಬಡಿದರೆ ಎಂತ ಬಂತು?" ಎಂದರು ಉಪಾಧ್ಯರು. "ಆ ಅಜ್ಜಿ ನನ್ನ ಕೇಳಿದ್ದಾಳೆ, ಸಾಹೇಬ, ಇದು ಬರೂದು ನಿಮಗೆ ಮೊದಲೇ ಗೊತ್ತಿತ್ತಾ ಅಂತ. ತಂತಿ ನನ್ನ ಕಿಸೆಯಲ್ಲೇ ಇತ್ತು. ಎಂತ ಹೇಳುವುದು?"

ಈ ಸಭೆಯಿಂದ ಅವರು ಎರಡು ಮಾತು ಗೆದ್ದು ತರಬೇಕೆಂದಿದ್ದರು. ಒಂದು, ಗಡಿಯ ಎರಡೂ ಕಡೆಯ ಠಾಣೆಗಳು ರಾಜಧಾನಿಯ ದಾರಿ ಕಾಯದೆ ನೇರ ಒಬ್ಬರಿಗೊಬ್ಬರು ತಂತಿ ಕೊಡಬೇಕು. ಎರಡು, ಮಿಡತೆ ಮರಿ ಮಾಡುವ ಜಾಗ ಯಾವ ಕಡೆಯೇ ಇರಲಿ, ಔಷಧದ ತಂಡ ಗಡಿ ದಾಟಿ ಹೋಗಬಹುದು. ಮುಂದಿನ ಸಭೆಯ ಹೊತ್ತಿಗೆ ಅವರು ನಿವೃತ್ತರು. ಮರಳಿನಲ್ಲಿ ಮೊಟ್ಟೆ ಆಗಲೇ ಇದ್ದವು.

"ಇದೊಂದು ಆಗದೆ ಮನೆಗೆ ಹೋಗಿ ಕೂತರೆ ಆ ತಾಟಿನ ಸದ್ದು ನನ್ನ ಬಿಡುವುದಿಲ್ಲ," ಎಂದರು.

ಕಿಯಾಮಾರಿ

ಕರಾಚಿಯ ಬಂದರಿಗೆ ಕಿಯಾಮಾರಿ ಎಂದು ಹೆಸರು. ಇಳಿದ ಕೂಡಲೇ ಕಸ್ಟಮ್ಸಿನ ಮೇಜು. ಮೀಸೆ ಇನ್ನೂ ಸರಿಯಾಗಿ ಬಲಿಯದ ಒಬ್ಬ ಅಧಿಕಾರಿ ಉಪಾಧ್ಯರ ಪೆಟ್ಟಿಗೆ ಬಿಚ್ಚಿದ. ಒಂದು ಜಾಡಿ ತೆಗೆದ. ಸ್ಪಿರಿಟ್ಟಿನಲ್ಲಿ ಮುಳುಗಿದ ಮಿಡತೆಗಳು. ಇನ್ನೊಂದು ತೆಗೆದ. ರೆಕ್ಕೆ ಮೂಡದ ಮರಿಗಳು. ಮೂರನೆಯದು ಪದ್ಮಾವತಮ್ಮ ಕೊಟ್ಟದ್ದು. ಕಪ್ಪುಗೆಂಪು ರಸದಲ್ಲಿ ಮುದುಡಿದ ಸಣ್ಣ ಸಣ್ಣ ಉಂಡೆಗಳು, ಒಂದೊಂದಕ್ಕೂ ಒಂದೊಂದು ಕಾಲು.

"ಇದು ಯಾವ ಹುಳ?"

"ಅದು ತಿನ್ನುವುದಕ್ಕೆ," ಎಂದರು ಉಪಾಧ್ಯರು.

ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದ. ಅದು ಮಾವಿನ ಮಿಡಿಯ ಉಪ್ಪಿನಕಾಯಿ, ಕಾಲಲ್ಲ ತೊಟ್ಟು ಎಂದು ನಾನು ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಎಲ್ಲ ಜಾಡಿಗಳೂ ಒಂದೇ ಅಂಗಡಿಯವು, ಒಂದೇ ಮುಚ್ಚಳದವು. ಅವನಿಗೆ ನಂಬಿಕೆ ಬರಲಿಲ್ಲ.

"ಹಾಗಾದರೆ ನೀವೇ ಒಂದು ತಿಂದು ತೋರಿಸಿ."

ಇಲ್ಲೇ ಕೆಟ್ಟಿತು. ಉಪಾಧ್ಯರಿಗೆ ಸ್ನಾನ ಸಂಧ್ಯಾವಂದನೆ ಆಗದೆ ಬಾಯಿಗೆ ಏನೂ ಹಾಕುವ ರೂಢಿಯಿಲ್ಲ. ಹಡಗಿನಲ್ಲಿ ಅಂದು ನೀರು ಸಿಕ್ಕಿರಲಿಲ್ಲ. ಅವರು ಕೈ ಹಿಂದೆ ಕಟ್ಟಿಕೊಂಡರು.

"ಈಗ ಆಗುವುದಿಲ್ಲ. ಸ್ನಾನ ಆಗಬೇಕು."

ತಿನ್ನುವ ವಸ್ತು ಅನ್ನುತ್ತಾರೆ, ತಿನ್ನು ಅಂದರೆ ಒಲ್ಲೆ ಅನ್ನುತ್ತಾರೆ. ಅಧಿಕಾರಿಯ ಮುಖ ಬಿಗಿಯಿತು. ನಾನು ಮುಂದೆ ಹೋಗಿ ಎರಡು ಮಿಡಿ ಒಟ್ಟಿಗೆ ಬಾಯಿಗೆ ಹಾಕಿದೆ. ಪದ್ಮಾವತಮ್ಮನ ಕೈ ಖಾರದ ಕೈ. ಕಣ್ಣಲ್ಲಿ ನೀರು ಬಂದು ಕೆಮ್ಮು ಹತ್ತಿತು. ಅಧಿಕಾರಿ ಡಾಕ್ಟರನ್ನು ಕರೆಯಿರಿ ಎಂದು ಕೂಗುವಷ್ಟರಲ್ಲಿ ಹಿಂದಿನಿಂದ ಒಂದು ದೊಡ್ಡ ನಗು ಕೇಳಿಸಿತು.

"ಉಪಾಧ್ಯ! ಭಾಭಿಯ ಅಚಾರ್ ತಂದೆಯಾ? ಯಾರೂ ಮುಟ್ಟಬೇಡಿ, ಅದು ನನ್ನದು!"

ಅವರೇ ಕುರೇಷಿ ಸಾಹೇಬರು. ದೇಶ ಒಡೆಯುವ ಮೊದಲು ಮುಂಬೈ ಆಫೀಸಿನಲ್ಲಿ ಉಪಾಧ್ಯರ ಪಕ್ಕದ ಮೇಜಿನವರು. ಮನೆ ಬಾಂದ್ರಾದಲ್ಲಿತ್ತು. ಈಗ ಅಲ್ಲಿಯ ಸರಕಾರದ ಮಿಡತೆ ಇಲಾಖೆಗೆ ಮುಖ್ಯಸ್ಥರು. ಅಂದರೆ ನಾಳೆ ಮೇಜಿನ ಆಚೆ ಕೂರುವವರು ಅವರೇ. ಇಬ್ಬರೂ ಅಪ್ಪಿಕೊಂಡರು. ಅಧಿಕಾರಿ ಒಂದು ಮಿಡಿ ರುಚಿ ನೋಡಿ ಇನ್ನೊಂದನ್ನು ಕಾಗದದಲ್ಲಿ ಕಟ್ಟಿ ಇಟ್ಟುಕೊಂಡ.

ಬಂದರಿನಿಂದ ಊರೊಳಗೆ ಟ್ರಾಮಿನಲ್ಲಿ ಹೋದೆವು. ನನಗೆ ಪರದೇಶ ಎಂಬ ಭಾವನೆ ಬರಲೇ ಇಲ್ಲ. ಅದೇ ಹಳದಿ ಕಲ್ಲಿನ ಕಟ್ಟಡ, ಅದೇ ಇರಾನಿ ಚಾದ ಅಂಗಡಿ, ಅದೇ ಪಾರ್ಸಿ ಟೊಪ್ಪಿಗೆ, ಸೂರ್ಯ ಮುಳುಗುವುದೂ ಅದೇ ಸಮುದ್ರದಲ್ಲಿ. ಒಂಟೆಗಾಡಿ ಮಾತ್ರ ಹೊಸದು. ಒಂಟೆಯ ಮೊಣಕಾಲಿಗೆ ಗೆಜ್ಜೆ ಕಟ್ಟಿರುತ್ತಾರೆ. ಅಷ್ಟು ಗಂಭೀರ ಮುಖದ ಪ್ರಾಣಿ ಅಷ್ಟು ಚೆಲ್ಲು ಸದ್ದು ಮಾಡುತ್ತ ಹೋಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ, ನಮ್ಮ ಆಫೀಸಿನ ಕೆಲವು ದೊಡ್ಡವರನ್ನು ಬಿಟ್ಟರೆ.

ಸಭೆಯ ಮೇಜು

ಸಭೆ ದಿನವೂ ತಡವಾಗಿಯೇ ಸುರುವಾಗುತ್ತಿತ್ತು. ಅದಕ್ಕೆ ಕಾರಣ ಬಾಗಿಲು. ಅಧ್ಯಕ್ಷರು ಇರಾನಿನ ಒಬ್ಬ ವೃದ್ಧರು. ಅವರ ನಾಡಿನ ಮರ್ಯಾದೆಯಂತೆ ಬಾಗಿಲಲ್ಲಿ ತಾವು ಮೊದಲು ಕಾಲಿಡುವಂತಿಲ್ಲ. ಎದೆಯ ಮೇಲೆ ಕೈಯಿಟ್ಟು ಬೇರೆಯವರನ್ನು ಮುಂದೆ ಬಿಡುತ್ತಾರೆ. ಅಧ್ಯಕ್ಷರಿಗಿಂತ ಮೊದಲು ಹೋಗಲು ಬೇರೆಯವರಿಗೆ ಸಂಕೋಚ. ಎಲ್ಲರೂ ಹೊರಗೇ ನಗುತ್ತ ನಿಂತಿರುತ್ತಿದ್ದೆವು. ದಾದರ್ ಸ್ಟೇಶನ್ನಿನಲ್ಲಿ ಬೆಳಿಗ್ಗೆ ಈ ಪದ್ಧತಿ ತಂದರೆ ಮುಂಬೈಯ ಆಫೀಸುಗಳೆಲ್ಲ ದೀಪ ಹಚ್ಚುವ ಹೊತ್ತಿಗೆ ತೆರೆದಾವು.

ಒಳಗೆ ಹೋದ ಮೇಲೆ ಮಾತ್ರ ಯಾರೂ ಒಂದು ಹೆಜ್ಜೆ ಬಿಟ್ಟುಕೊಡಲಿಲ್ಲ. ಹೊರಗೆ "ಅರೇ ಉಪಾಧ್ಯ" ಎನ್ನುತ್ತಿದ್ದ ಕುರೇಷಿಯವರು ಒಳಗೆ "ಗೌರವಾನ್ವಿತ ಪ್ರತಿನಿಧಿಗಳು" ಎನ್ನತೊಡಗಿದರು. ಔಷಧದ ಬಗ್ಗೆ, ಮೊಟ್ಟೆಯ ಬಗ್ಗೆ, ಗಾಳಿಯ ಬಗ್ಗೆ ಎಲ್ಲರೂ ಒಂದೇ ಬಾಯಿ. ಗಡಿಯ ಮಾತು ಬಂದ ಕೂಡಲೇ ಕುರೇಷಿಯವರು, "ನನಗೆ ಸರಕಾರದ ಅಪ್ಪಣೆಯಿಲ್ಲ, ಕೇಳಬೇಕು," ಎಂದರು.

ಉಪಾಧ್ಯರು ಬಿಡಲಿಲ್ಲ. "ಒಂದು ತಂತಿ ಕೊಡುವುದಕ್ಕೆ ಎಷ್ಟು ಅಪ್ಪಣೆ?"

"ತಂತಿ ಮಾತ್ರ ಅಲ್ಲವಲ್ಲ. ನಿಮ್ಮ ತಂಡ ನಮ್ಮ ನೆಲಕ್ಕೆ ಬರಬೇಕು ಅನ್ನುತ್ತೀರಿ. ಅದಿರಲಿ, ನಮ್ಮ ತಂಡ ನಿಮ್ಮ ಕಛ್‌ಗೆ ಬಂದರೆ ನೀವು ಡೆಲ್ಲಿಯನ್ನು ಕೇಳದೆ ಬಿಡುತ್ತೀರಾ?"

ಉಪಾಧ್ಯರು ನನ್ನ ಕಡೆ ನೋಡಿದರು. ಹೊರಡುವ ಮೊದಲು ಡೆಲ್ಲಿಯಿಂದ ನಮಗೆ ಬಂದ ಸೂಚನೆಯ ನಕಲನ್ನು ಟೈಪು ಮಾಡಿದವನು ನಾನೇ. ನಮ್ಮ ಬಾಯಿಗೂ ಅದೇ ಬೀಗ ಬಿದ್ದಿತ್ತು.

ಲೋಕದ ದೇಶಗಳೆಲ್ಲ ಕೂಡುವ ದೊಡ್ಡ ಸಂಸ್ಥೆಯಿಂದ ರೋಮಿನ ಒಬ್ಬ ಗೃಹಸ್ಥರು ಬಂದಿದ್ದರು. ಊಟದ ಬಿಡುವಿನಲ್ಲಿ ಉಪಾಧ್ಯರು ಅವರ ಮುಂದೆ ಕಷ್ಟ ತೋಡಿಕೊಂಡರು. ಆತ ಒಳ್ಳೆಯವರು. ಮುಚ್ಚುಮರೆ ಮಾಡದೆ ಹೇಳಿದರು: "ನಮ್ಮಲ್ಲಿಗೆ ತನ್ನಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಕೂತವರಲ್ಲಿ ಅರ್ಧ ಜನ ಮಿಡತೆ ನೋಡಿದವರೇ ಅಲ್ಲ. ಅವರಿಗೆ ತಿಳಿಸಿ ಹೇಳುವುದಕ್ಕೇ ವರ್ಷಗಳು ಬೇಕು. ಹಿಂಡು ಯಾರ ಮನೆಯ ಮೇಲೆ ಹಾರುತ್ತದೋ ಅವರೇ ಕೂತು ಮಾತಾಡಲಿ ಅಂತಲ್ಲವೇ ಈ ಸಣ್ಣ ಮೇಜು?"

ಸಣ್ಣ ಮೇಜೂ ಆ ದಿನ ಏನೂ ಮಾಡದೆ ಎದ್ದಿತು. ಇನ್ನು ಉಳಿದದ್ದು ಒಂದೇ ದಿನ.

ಕುರೇಷಿಯವರ ಮನೆ

ಆ ಸಂಜೆ ಕುರೇಷಿಯವರು ನಮ್ಮನ್ನು ಚಹಾಕ್ಕೆ ಕರೆದಿದ್ದರು. ಉಪಾಧ್ಯರು ಮುಖ ಊದಿಸಿಕೊಂಡೇ ಬಂದರು. ಮನೆಯಾಕೆ ಜುಬೇದಾ ಬೇಗಂ ಬಾಂದ್ರಾದಲ್ಲೇ ಹುಟ್ಟಿದವರು. ನಮಗೆ ಕೂರಲು ಬಿಡದೆ ಪ್ರಶ್ನೆ ಸುರುಮಾಡಿದರು. ಬಾಂದ್ರಾ ತಲಾವ್‌ನಲ್ಲಿ ನೀರು ಇದೆಯಾ? ಸ್ಟೇಶನ್ ಹತ್ತಿರದ ಉಡುಪಿ ಹೋಟೆಲು ಇದೆಯಾ? ಎರಡನೆಯ ಸಲ ಸಾಂಬಾರು ಕೇಳಿದರೆ ಮುಖ ಸಿಂಡರಿಸುತ್ತಿದ್ದ ಆ ಮನುಷ್ಯ ಇದ್ದಾನಾ?

"ಇದ್ದಾನೆ," ಎಂದೆ. "ಈಗ ಮೊದಲನೆಯ ಸಲವೂ ಸಿಂಡರಿಸುತ್ತಾನೆ."

ಆಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಎಲ್ಲ ನಗುವಿನಿಂದ ಬಂದ ನೀರಲ್ಲ ಎಂದು ನನಗೆ ತೋರಿತು.

"ಇಲ್ಲಿ ನಲ್ಲಿ ಮನೆಯೊಳಗೇ ಇದೆ," ಎಂದರು ಆಕೆ. "ಆದರೂ ಬೆಳಿಗ್ಗೆ ಎಚ್ಚರವಾದರೆ ಕಿವಿ ತಾಟಿಗೆ ಕಾಯುತ್ತದೆ. ನಿಮ್ಮ ಕಡೆ ಇನ್ನೂ ಬಡಿಯುತ್ತಾರಾ?"

ಊರ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಚಾಳಿಗೆಲ್ಲ ಒಂದೇ ನಲ್ಲಿ. ನೀರು ಯಾವಾಗ ಬರುತ್ತದೆ ಎಂಬುದು ಮುನಿಸಿಪಾಲಿಟಿಗೂ ದೇವರಿಗೂ ಗೊತ್ತು. ನಲ್ಲಿ ಮೊದಲು ಒಣಕೆಮ್ಮು ಕೆಮ್ಮುತ್ತದೆ. ಆ ಕೆಮ್ಮು ಯಾರ ಕಿವಿಗೆ ಮೊದಲು ಬಿತ್ತೋ ಅವರು ತಮ್ಮ ಕೊಡ ಇಡುವ ಮೊದಲು ತಾಟು ಬಡಿಯಬೇಕು. ಇದನ್ನು ಯಾರು ಬರೆದಿಟ್ಟರೋ ಗೊತ್ತಿಲ್ಲ, ಯಾರೂ ಮುರಿದದ್ದಂತೂ ಇಲ್ಲ.

"ಬಡಿಯದೆ ಏನು ಬೇಗಂ ಸಾಹೇಬಾ," ಎಂದೆ. "ನಾವು ಹೊರಟ ದಿನ ಬಡಿದವರು ಎದುರು ಖೋಲಿಯ ಶೆಟ್ಟರು. ದೀಪಾವಳಿಯಿಂದ ಅವರಿಗೂ ನಮಗೂ ಮಾತಿಲ್ಲ."

"ಯಾಕೆ?"

"ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ನಮ್ಮ ಅಜ್ಜಿ ಸಂಡಿಗೆ ಒಣಗಿಸಿದ್ದಳು. ಶೆಟ್ಟರು ಮೇಲಿನ ಹಗ್ಗಕ್ಕೆ ಒಗೆದ ಹಸಿ ಹೊದಿಕೆ ಹಾಕಿದರು. ಸಂಡಿಗೆಯೆಲ್ಲ ಮತ್ತೆ ಹಿಟ್ಟಾಯಿತು. ಅಜ್ಜಿ ಅವರ ಊರಿನ ಹೆಸರು ಹಿಡಿದು ಬೈದಳು. ಅವರು ನಮ್ಮ ಧಾರವಾಡದ ಹೆಸರು ಹಿಡಿದರು."

ಉಪಾಧ್ಯರು ಆ ಸಂಜೆ ಮೊದಲ ಸಲ ತುಟಿ ಬಿಚ್ಚಿದರು. "ಉಡುಪಿಯನ್ನು ಬೈದಳಾ ನಿನ್ನ ಅಜ್ಜಿ? ನನಗೆ ಹೇಳಲೇ ಇಲ್ಲವಲ್ಲ ಮಾರಾಯ!"

"ಮಾತಿಲ್ಲದಿದ್ದರೂ ಬಡಿಯುತ್ತಾರಾ?" ಎಂದರು ಬೇಗಂ.

"ಬಡಿಯದಿದ್ದರೆ ಚಾಳಿನಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ನಮ್ಮ ಅಜ್ಜಿ ಅನ್ನುತ್ತಾಳೆ, ಜಗಳ ಖೋಲಿಯದು, ನೀರು ಚಾಳಿನದು ಅಂತ. ಹೋದ ತಿಂಗಳು ಅವಳೇ ಬಡಿದಳು. ಶೆಟ್ಟರು ಎದ್ದು ಬರದಿದ್ದಾಗ ಅವರ ಬಾಗಿಲ ಮುಂದೆ ಹೋಗಿ ನಿಂತು ಇನ್ನೊಂದು ಸಲ ಬಡಿದಳು. ಬಡಿದು ಮುಖ ತಿರುಗಿಸಿಕೊಂಡು ಬಂದಳು."

"ಒಳಗೆ ಹೋಗಲಿಲ್ಲವೇ?" ಈ ಪ್ರಶ್ನೆ ಕೇಳಿದವರು ಕುರೇಷಿಯವರು.

"ಒಳಗೆ ಹ್ಯಾಗೆ ಹೋಗುತ್ತಾಳೆ? ಹೊಸ್ತಿಲು ತುಳಿಯಬೇಕಾದರೆ ಕರೆಯಬೇಕು. ತಾಟು ಬಡಿಯುವುದಕ್ಕೆ ಯಾರನ್ನು ಕೇಳುವುದು?"

ಕುರೇಷಿಯವರು ಸಕ್ಕರೆ ಹಾಕದ ಚಹಾವನ್ನು ಚಮಚದಿಂದ ಬಹಳ ಹೊತ್ತು ತಿರುವಿದರು. ಉಪಾಧ್ಯರು ಅವರನ್ನೇ ನೋಡುತ್ತಿದ್ದರು. ಬೇಗಂ ಮಾತ್ರ ನಮ್ಮ ಸಂಡಿಗೆಗೆ ಸಾಬಕ್ಕಿ ಹಾಕುತ್ತಾರೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು.

ಕೊನೆಯ ದಿನ

ಮರುದಿನ ಬೆಳಿಗ್ಗೆ ಉಪಾಧ್ಯರು ಸ್ನಾನ ಸಂಧ್ಯೆ ಮುಗಿಸಿ ನನ್ನ ಮುಂದೆ ಕೂತರು. "ಎರಡನೆಯ ಕಲಮು ಹೊಡೆದು ಹಾಕು," ಎಂದರು.

"ಗಡಿ ದಾಟುವುದಾ? ಇಷ್ಟು ವರ್ಷದಿಂದ ಅದಕ್ಕೇ..."

"ಹೊಡೆದು ಹಾಕು ಅಂದೆ." ಆಮೇಲೆ ಮೆಲ್ಲಗೆ, "ಹೊಸ್ತಿಲು ಅವರದ್ದು ಅವರಿಗೆ, ನಮ್ಮದು ನಮಗೆ. ತಾಟು ಮಾತ್ರ ಕೇಳುವ."

ಸಭೆಯಲ್ಲಿ ಅವರು ಎದ್ದುನಿಂತು ತಮ್ಮದೇ ಸೂಚನೆಯ ಅರ್ಧವನ್ನು ವಾಪಸು ತೆಗೆದುಕೊಂಡರು. ಮೊಟ್ಟೆಯಿರುವಲ್ಲೇ ಹೋಗಿ ಕೊಲ್ಲಬೇಕೆಂಬುದು ಅವರ ಜೀವಮಾನದ ವಾದ. ಅದನ್ನು ಬಿಡುವುದೆಂದರೆ ಹಿಂಡು ಏಳಲಿ ಎಂದು ಒಪ್ಪಿದಂತೆಯೇ.

ಕುರೇಷಿಯವರು ಕೂಡಲೇ ಎದ್ದರು. ಚಾಳಿನ ಮಾತು ಅವರು ಎತ್ತಲಿಲ್ಲ. ಅದರಿಂದಲೇ ಹೀಗಾಯಿತು ಎಂದು ನಾನೂ ಹೇಳಿಕೊಳ್ಳುವುದಿಲ್ಲ. ಇಬ್ಬರೂ ರಾತ್ರಿಯೆಲ್ಲ ಯೋಚಿಸಿದ್ದು ಅವರ ಕಣ್ಣುಗಳಲ್ಲೇ ಕಾಣುತ್ತಿತ್ತು. "ಯಾರೂ ಯಾರ ನೆಲಕ್ಕೂ ಬರುವುದಿಲ್ಲವಾದರೆ," ಎಂದರು, "ಕಣ್ಣಿಗೆ ಕಂಡದ್ದನ್ನು ಹೇಳುವುದಕ್ಕೆ ನಾನು ಯಾರನ್ನೂ ಕೇಳಬೇಕಾಗಿಲ್ಲ. ನಮ್ಮ ಠಾಣೆಯವನು ನಿಮ್ಮ ಠಾಣೆಗೂ ನಮ್ಮ ರಾಜಧಾನಿಗೂ ಒಂದೇ ಗಳಿಗೆಯಲ್ಲಿ ತಂತಿ ಕೊಡಲಿ. ನಿಮ್ಮವನೂ ಹಾಗೇ ಮಾಡಲಿ."

ಅಧ್ಯಕ್ಷರು ಜಾಣರು. ಇದಕ್ಕೆ ಒಪ್ಪಂದ ಎಂಬ ದೊಡ್ಡ ಹೆಸರಿಟ್ಟರೆ ಎಲ್ಲ ರಾಜಧಾನಿಗಳೂ ಸಹಿಗೆ ಕೂರುತ್ತವೆ, ಠಾಣೆಗಳ ಕೆಲಸದ ರೂಢಿ ಎಂದಷ್ಟೇ ಕರೆಯೋಣ ಎಂದರು. ರೋಮಿನವರು ನಗುತ್ತ ತಲೆಯಾಡಿಸಿದರು.

ಹೊರಗೆ ಬರುವಾಗ ಬಾಗಿಲಲ್ಲಿ ಮತ್ತೆ ಅದೇ ಮರ್ಯಾದೆ ಸುರುವಾಯಿತು. ಉಪಾಧ್ಯರು ಕುರೇಷಿಯವರ ರಟ್ಟೆ ಹಿಡಿದು, "ಬಾ ಮಾರಾಯ, ಇವರು ಇಲ್ಲೇ ನಿಲ್ಲಲಿ," ಎಂದು ಕನ್ನಡದಲ್ಲೇ ಹೇಳಿ ಎಳೆದುಕೊಂಡು ಹೊರಟರು. ಜಾಡಿಯಲ್ಲಿ ಉಳಿದ ಮಿಡಿ ಬೇಗಂ ಅವರ ಪಾಲಾಯಿತು.

ತಿರುಗಿ ಬರುವ ಹಡಗಿನಲ್ಲಿ ಅವರಿಗೆ ಸಮಾಧಾನವಿರಲಿಲ್ಲ. "ಅರ್ಧವೇ ಸಿಕ್ಕಿದ್ದು. ಅದೂ ಕಾಗದದ ಮೇಲೆ. ಗಲಾಟೆ ಬಂದ ದಿನ ಬಡಿಯುತ್ತಾರೋ ಇಲ್ಲವೋ, ಯಾರು ಕಂಡದ್ದು?"

ಸಾಂತಾಕ್ರೂಜ್

ಉಪಾಧ್ಯರು ನಿವೃತ್ತರಾದರು. ಆ ವರ್ಷ ಎರಡು ದೇಶಗಳ ನಡುವೆ ಮಾತು ಬಿಸಿಯಾಗಿತ್ತು. ಪೇಪರು ಬಿಚ್ಚಿದರೆ ಅದೇ ಸುದ್ದಿ. ಸಂಡಿಗೆಯ ವಿವರ ಹೇಳಿ ಬೇಗಂ ಅವರಿಗೆ ಸುಶೀಲೆ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಎದುರು ಖೋಲಿಯ ಶೆಟ್ಟರಿಗೂ ನಮಗೂ ಮಾತು ಇನ್ನೂ ಇರಲಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ ಆಫೀಸಿಗೆ ಭುಜ್‌ನಿಂದ ಫೋನು ಬಂತು. ಆಚೆಯ ಠಾಣೆಯಿಂದ ನೇರ ತಂತಿ ಬಂದಿದೆ, ಹಿಂಡು ಎದ್ದಿದೆ, ದಿಕ್ಕು ಇಂಥದ್ದು. ತಂತಿಯಲ್ಲಿ ನಮಸ್ಕಾರವೂ ಇಲ್ಲ, ಹೆಸರೂ ಇಲ್ಲ. ನಾನು ಹೊಸ ಸಾಹೇಬರ ಅಪ್ಪಣೆ ಪಡೆದು ಅಂಧೇರಿಯ ಗಾಡಿ ಹತ್ತಿದೆ. ಉಪಾಧ್ಯರು ಮೈಯೊರೆಸಿಕೊಳ್ಳುತ್ತಿದ್ದರು. ಮಾತು ಕೇಳಿ ಒದ್ದೆ ಪಂಚೆಯಲ್ಲೇ ಬೆಂಚಿನ ಮೇಲೆ ಕೂತರು. ಅಂದು ಸಂಜೆಯೇ ಕಛ್‌ಗೆ ಹೊರಟರು, ಯಾರೂ ಕಳಿಸದೆ.

ವಾರ ಕಳೆದು ನಮ್ಮ ಚಾಳಿಗೆ ಬಂದರು. ಅಜ್ಜಿ ಅವರಿಗೆ ಸಂಡಿಗೆ ಕರಿದು ಕೊಟ್ಟಳು.

"ನಾನು ಮುಟ್ಟುವಾಗ ಎಲ್ಲ ಮುಗಿದಿತ್ತು," ಎಂದರು. "ಹೊಲದ ಒಂದು ಅಂಚು ಹೋಗಿದೆ, ಉಳಿದದ್ದು ಉಳಿದಿದೆ. ಹಿಂಡು ಬಯಲಿಗೆ ಬಿದ್ದಿದೆ. ಆ ಮುದುಕಿ ನನ್ನ ಗುರುತು ಹಿಡಿದಳು. ಈ ಸಲ ಅವಳು ಎಂತದೂ ಕೇಳಲಿಲ್ಲ, ತಾನೇ ಹೇಳಿದಳು. ಬೆಳಿಗ್ಗೆ ಭುಜ್‌ನಿಂದ ಜೀಪು ಬಂದು ಹೇಳಿ ಹೋಯಿತಂತೆ. ಊರಿನವರೆಲ್ಲ ಮನೆಯ ತಾಟು, ತಪ್ಪಲೆ, ಡಬ್ಬ ತಗೊಂಡು ಬದುವಿನ ಮೇಲೆ ಹೋಗಿ ನಿಂತಿದ್ದಾರೆ."

ಸಂಡಿಗೆ ಮುರಿದು ಬಾಯಿಗೆ ಹಾಕಿಕೊಂಡರು.

"ನಿಂತು ನಿಂತು ಕಾಲು ನೋಯ್ತು ಅಂದಳು. ಅವರು ಹೋಗಿ ನಿಂತಾಗ ಆಕಾಶದಲ್ಲಿ ಇನ್ನೂ ಎಂತದೂ ಇರಲಿಲ್ಲವಂತೆ."